ಫ್ಲೆಕ್ಸಿನಲ್ಲಿ ಕಾಣದ ಮಕ್ಕಳು

ಆಂಧ್ರದಲ್ಲಿ ಟೆನ್ತ್ ರಿಸಲ್ಟ್ ಬರುವುದು ಏಪ್ರಿಲ್ ಕೊನೆಗೋ ಮೇ ಮೊದಲಿಗೋ. ಅಲ್ಲಿಂದ ಜೂನ್‌ನಲ್ಲಿ ಶಾಲೆ ಬಾಗಿಲು ತೆರೆಯುವ ತನಕ ಹಿಂದೂಪುರದ ಸರ್ಕಲ್ಲುಗಳಲ್ಲಿ, ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನ ಸುತ್ತಮುತ್ತ ಫ್ಲೆಕ್ಸುಗಳದ್ದೇ ಕಾರುಬಾರು. 600ಕ್ಕೆ 590 ದಾಟಿದ ಹುಡುಗಿಯ ಫೋಟೊ ನಡುವೆ ದೊಡ್ಡದಾಗಿ, ಸುತ್ತ ಸ್ಟಾಂಪ್ ಸೈಜಿನ ಹತ್ತಾರು ಮುಖಗಳು, ಕೆಳಗೆ ‘ಅಡ್ಮಿಷನ್ ಓಪನ್’ ಎಂಬ ಸಾಲು, ಎರಡು ಮೊಬೈಲ್ ನಂಬರು. ಶಾಲೆಯ ಹೆಸರಿನ ಹಿಂದೆಮುಂದೆ ‘ಟೆಕ್ನೋ’, ‘ಕಾನ್ಸೆಪ್ಟ್’, ‘ಒಲಿಂಪಿಯಾಡ್’ ಎಂಬ ಬಾಲಗಳು. ಮಗುವನ್ನು ಎಲ್ಲಿ ಸೇರಿಸುವುದು ಎಂದು ತಲೆ ಕೆಡಿಸಿಕೊಂಡಿರುವ ತಂದೆತಾಯಿ ಇದನ್ನೇ ನೋಡಿ ಅರ್ಧ ತೀರ್ಮಾನ ಮಾಡಿರುತ್ತಾರೆ. ಉಳಿದರ್ಧವನ್ನು ಪಕ್ಕದ ಮನೆಯವರು ಮಾಡಿಕೊಡುತ್ತಾರೆ.

2022ರಲ್ಲಿ ಆಂಧ್ರ ಸರ್ಕಾರ ಟೆನ್ತ್ ರ‍್ಯಾಂಕ್ ಹೇಳಿಕೊಂಡು ಜಾಹೀರಾತು ಕೊಡುವುದನ್ನೇ ನಿಷೇಧಿಸಿತು. ತಪ್ಪಿದರೆ ಮೂರರಿಂದ ಏಳು ವರ್ಷ ಜೈಲು, ಒಂದು ಲಕ್ಷದವರೆಗೆ ದಂಡ ಎಂದು ಹೆದರಿಸಿತು. ರ‍್ಯಾಂಕ್ ಹೋಗಿ ಅದರ ಜಾಗಕ್ಕೆ ಮಾರ್ಕ್ಸ್ ಬಂತು, ಅಷ್ಟೇ. ಫ್ಲೆಕ್ಸ್ ಅಂಗಡಿಯವನಿಗೇನೂ ನಷ್ಟವಾಗಲಿಲ್ಲ.

ಫ್ಲೆಕ್ಸಿನಲ್ಲಿ ಬರೆದದ್ದು ಸುಳ್ಳೇ ಆಗಿರಬೇಕೆಂದಿಲ್ಲ. ಬಹಳ ಸಲ ಅದು ಅಕ್ಷರಶಃ ನಿಜ. ಆದರೆ ಹನ್ನೆರಡು ಮುಖ ಹಾಕಿದ ಶಾಲೆಯಲ್ಲಿ ಪರೀಕ್ಷೆಗೆ ಕುಳಿತವರು ಎಷ್ಟು? ಅವರೆಲ್ಲ ಆರನೇ ಕ್ಲಾಸಿಗೆ ಸೇರಿದಾಗ ಎಷ್ಟಿದ್ದರು? ಆ ಲೆಕ್ಕ ಅಲ್ಲಿರುವುದಿಲ್ಲ. ಶಾಲೆಯ ಗುಣಮಟ್ಟದ ಗುಟ್ಟು ಇರುವುದು ಆ ಬಿಟ್ಟುಹೋದ ಲೆಕ್ಕದಲ್ಲಿ.

ಫಲಿತಾಂಶದ ಶೇಕಡಾವಾರು ಎಂಬುದಂತೂ ಗಾಳಿಗೆ ತಿರುಗುವ ಲೆಕ್ಕ. ಆಂಧ್ರದ ಟೆನ್ತ್ ಫಲಿತಾಂಶ 2019ರಲ್ಲಿ ಶೇ. 94.88 ಇತ್ತು. ಕೊರೊನಾದ ಎರಡು ವರ್ಷ ಪರೀಕ್ಷೆಯೇ ಇಲ್ಲದೆ ಎಲ್ಲರೂ ಪಾಸು. 2022ರಲ್ಲಿ ಅದೇ ಫಲಿತಾಂಶ ಶೇ. 67.26ಕ್ಕೆ ಕುಸಿಯಿತು. ಮರುವರ್ಷ 72.26, 2024ರಲ್ಲಿ 86.69, 2025ರಲ್ಲಿ 81.14. ಈ ಆರು ವರ್ಷದಲ್ಲಿ ರಾಜ್ಯದ ಮೇಷ್ಟ್ರುಗಳು ಒಮ್ಮೆ ಬುದ್ಧಿವಂತರಾಗಿ, ಮತ್ತೊಮ್ಮೆ ದಡ್ಡರಾಗಿ, ಪುನಃ ಚೇತರಿಸಿಕೊಂಡರೇ? ಬದಲಾದದ್ದು ಪತ್ರಿಕೆಗಳ ಸಂಖ್ಯೆ, ಪ್ರಶ್ನೆಗಳ ಬಗೆ, ಕೊರೊನಾ ಕಾಲದಲ್ಲಿ ತಪ್ಪಿಹೋದ ಪಾಠ. ಗಡಿಯ ಈಚೆ ಕರ್ನಾಟಕದ ಕಥೆಯೂ ಬೇರೆಯಲ್ಲ. 2023ರಲ್ಲಿ ಶೇ. 83.89 ಇದ್ದ ಎಸ್ಸೆಸ್ಸೆಲ್ಸಿ ಫಲಿತಾಂಶ ಮರುವರ್ಷ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ. ಆ ವರ್ಷ ಹೊಸದಾಗಿ ಬಂದದ್ದು ಪರೀಕ್ಷಾ ಕೊಠಡಿಯ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ಕಣ್ಗಾವಲು. ಕ್ಯಾಮೆರಾ ಬಂದಾಗ ಶೇಕಡಾ ಹತ್ತು ಕುಸಿಯುವ ಲೆಕ್ಕವನ್ನು ನಂಬಿ ಶಾಲೆ ಆರಿಸುವುದು ಕಷ್ಟ.

ಚಿಕ್ಕ ಊರಿನ ಶಾಲೆಗಂತೂ ಈ ಶೇಕಡಾವಾರು ಇನ್ನೂ ಅಪಾಯಕಾರಿ. ಕುಂದುರ್ಪಿ ಕಡೆಯ ಹಳ್ಳಿ ಹೈಸ್ಕೂಲಿನಲ್ಲಿ ಇಪ್ಪತ್ತೇ ಮಕ್ಕಳು ಪರೀಕ್ಷೆಗೆ ಕುಳಿತರು ಅಂದುಕೊಳ್ಳಿ. ಒಬ್ಬ ಹುಡುಗನಿಗೆ ಆ ದಿನ ಜ್ವರ ಬಂದರೆ ಶಾಲೆಯ ಫಲಿತಾಂಶ ಶೇ. 5 ಕೆಳಗಿಳಿಯುತ್ತದೆ. ಹೆಡ್‌ಮೇಷ್ಟ್ರಿಗೆ ನೋಟಿಸು ಬರುತ್ತದೆ.

ಶಾಲೆಯ ಗುಣ ಅಳೆಯುವ ವಿಷಯದಲ್ಲಿ ಅತಿ ಹೆಚ್ಚು ಜಗಳವಾಡಿರುವುದು ಅಮೆರಿಕದವರು. ಅಲ್ಲಿ ಚಾರ್ಟರ್ ಶಾಲೆ ಎಂಬ ಬಗೆಯೊಂದಿದೆ. ದುಡ್ಡು ಸರ್ಕಾರದ್ದು, ನಡೆಸುವುದು ಬೇರೆ ಸಂಸ್ಥೆ, ನಡುವೆ ಕೆಲವು ವರ್ಷಗಳ ಕರಾರು. ಫಲಿತಾಂಶ ತೋರಿಸದಿದ್ದರೆ ಕರಾರು ರದ್ದಾಗಬಹುದು. 1991ರಲ್ಲಿ ಮಿನೆಸೋಟ ರಾಜ್ಯ ಇದಕ್ಕೆ ಮೊದಲ ಕಾನೂನು ಮಾಡಿತು. ಮರುವರ್ಷ ಸೇಂಟ್ ಪಾಲ್ ನಗರದಲ್ಲಿ ಮೊದಲ ಶಾಲೆ ತೆರೆಯಿತು. ಇವು ಒಳ್ಳೆಯವೋ ಕೆಟ್ಟವೋ ಎಂಬ ಪ್ರಶ್ನೆಗೆ 2009ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೋ ಕೇಂದ್ರ ಕೊಟ್ಟ ಉತ್ತರ ಹೀಗಿತ್ತು: ಗಣಿತದಲ್ಲಿ ಶೇ. 17ರಷ್ಟು ಚಾರ್ಟರ್ ಶಾಲೆಗಳು ಪಕ್ಕದ ಸರ್ಕಾರಿ ಶಾಲೆಗಿಂತ ಮೇಲು, ಶೇ. 37 ಕೀಳು, ಮಿಕ್ಕವು ಸಮಸಮ. 2023ರ ವರದಿಯಲ್ಲಿ ಅದೇ ಕೇಂದ್ರ ಸರಾಸರಿಯಲ್ಲಿ ಚಾರ್ಟರ್ ಶಾಲೆಗಳು ತುಸು ಮುಂದೆ ಎಂದಿತು. ಶಾಲೆಯ ಬೋರ್ಡು ನೋಡಿ ಗುಣ ಹೇಳಲಾಗದು ಎಂಬಷ್ಟಕ್ಕೆ ಈ ಅಂಕಿ ಸಾಕು.

ಈ ಚಾರ್ಟರ್ ಶಾಲೆಗೆ ಹತ್ತಿರದ ನೆಂಟ ಹಿಂದೂಪುರದ ಮಗ್ಗುಲಲ್ಲೇ ಇದೆ. ಪರಿಗಿ ಮಂಡಲದ ಕೊಡಿಗೇನಹಳ್ಳಿಯ ಗುರುಕುಲ. ಪಿ.ವಿ. ನರಸಿಂಹರಾವ್ ಕಾಲದಲ್ಲಿ ಹುಟ್ಟಿದ ಯೋಜನೆ ಇದು. 1971ರಲ್ಲಿ ನಲ್ಗೊಂಡ ಜಿಲ್ಲೆಯ ಸರ್ವೇಲ್‌ನಲ್ಲಿ ಮೊದಲ ವಸತಿ ಶಾಲೆ, ಮರುವರ್ಷ ಗುಂಟೂರು ಕಡೆಗೆ ತಾಡಿಕೊಂಡದಲ್ಲಿ, ರಾಯಲಸೀಮೆಗೆ ಕೊಡಿಗೇನಹಳ್ಳಿಯಲ್ಲಿ. ಹಣ ಸರ್ಕಾರದ್ದು, ಆಡಳಿತ ಪ್ರತ್ಯೇಕ ಸೊಸೈಟಿಯದು. ಬಡವರ ಮನೆಯ ಚುರುಕು ಹುಡುಗರನ್ನು ಪರೀಕ್ಷೆ ಮಾಡಿ ಆರಿಸಿ, ಊಟ ವಸತಿ ಕೊಟ್ಟು, ಮೇಷ್ಟ್ರುಗಳೂ ಅಲ್ಲೇ ಇದ್ದು ಓದಿಸುವ ಕ್ರಮ. ಅಲ್ಲಿ ಓದಿದವರು ಐಎಎಸ್, ಐಪಿಎಸ್, ಡಾಕ್ಟರು, ವಿಜ್ಞಾನಿ ಎಂದು ಹರಡಿಕೊಂಡಿದ್ದಾರೆ. ಅನಂತಪುರ ಸೀಮೆಯಲ್ಲಿ ‘ಕೊಡಿಗೇನಹಳ್ಳಿಯಲ್ಲಿ ಓದಿದವನು’ ಅಂದರೆ ಇಂದಿಗೂ ಅದೊಂದು ತೂಕದ ಮಾತು.

ಹಾಗಾದರೆ ಅದು ಸುತ್ತಲಿನ ಜಿಲ್ಲಾ ಪರಿಷತ್ ಹೈಸ್ಕೂಲಿಗಿಂತ ಒಳ್ಳೆಯ ಶಾಲೆಯೇ? ಇರಬಹುದು. ಆದರೆ ಫಲಿತಾಂಶ ನೋಡಿ ಹಾಗೆನ್ನುವುದು ತಪ್ಪು. ನೂರಾರು ಮಕ್ಕಳಲ್ಲಿ ಸೋಸಿ ತೆಗೆದ ಮಕ್ಕಳು ಪಾಸಾಗದೆ ಇನ್ನೇನಾಗುತ್ತಾರೆ? ಅಂಥ ಹುಡುಗ ಪರಿಗಿಯ ಮಾಮೂಲಿ ಶಾಲೆಯಲ್ಲೇ ಉಳಿದಿದ್ದರೂ ಐನೂರು ದಾಟುತ್ತಿದ್ದನೇನೋ. ಬಾಗಿಲಲ್ಲೇ ಆರಿಸಿಕೊಂಡ ಶಾಲೆಯ ಸಾಧನೆಯಲ್ಲಿ ಶಾಲೆಯ ಪಾಲೆಷ್ಟು, ಹುಡುಗನ ಪಾಲೆಷ್ಟು ಎಂದು ಬಿಡಿಸುವುದೇ ನಿಜವಾದ ಲೆಕ್ಕ. ಗುರುಕುಲದ ವಿಷಯದಲ್ಲಿ ಈ ಆಯ್ಕೆ ಬಹಿರಂಗ. ಪ್ರವೇಶ ಪರೀಕ್ಷೆ ಇದೆ ಎಂದು ಊರಿಗೆಲ್ಲ ಗೊತ್ತು. ಪಟ್ಟಣದ ಖಾಸಗಿ ಶಾಲೆಯಲ್ಲಿ ಆಯ್ಕೆ ನಡೆಯುವುದು ಫೀಸಿನ ಕೌಂಟರಿನಲ್ಲಿ. ಫೀಸು ಕಟ್ಟಬಲ್ಲ, ಮನೆಯಲ್ಲಿ ಹೋಂವರ್ಕ್ ನೋಡಬಲ್ಲ, ಸಂಜೆ ಟ್ಯೂಷನ್ನಿಗೂ ಕಳಿಸಬಲ್ಲ ಮನೆಯ ಮಕ್ಕಳೇ ಅಲ್ಲಿಗೆ ಬರುತ್ತಾರೆ. ಒಳ್ಳೆಯ ಫಲಿತಾಂಶದಲ್ಲಿ ಅರ್ಧ ಪಾಲು ಆ ತಾಯಂದಿರದ್ದೇ ಇರಬಹುದು. ಫ್ಲೆಕ್ಸಿನಲ್ಲಿ ಅವರ ಫೋಟೊ ಇಲ್ಲ.

ಈ ಗಂಟು ಬಿಡಿಸಲು ಒಂದು ದಾರಿ ಲಾಟರಿ. ಸೀಟಿಗಿಂತ ಅರ್ಜಿ ಹೆಚ್ಚಾದಾಗ ಚೀಟಿ ಎತ್ತಿದರೆ, ಗೆದ್ದವರೂ ಸೋತವರೂ ಒಂದೇ ಬಗೆಯ ಮನೆಯ ಮಕ್ಕಳು. ಕೆಲವು ವರ್ಷ ಬಿಟ್ಟು ಇಬ್ಬರನ್ನೂ ಪರೀಕ್ಷಿಸಿದರೆ ಕಾಣುವ ವ್ಯತ್ಯಾಸ ಶಾಲೆಯದ್ದೇ. ಅಮೆರಿಕದ ಚಾರ್ಟರ್ ಶಾಲೆಗಳನ್ನು ಹೀಗೆ ಅಳೆದರು. ಅಚ್ಚರಿಯೆಂದರೆ ಅದನ್ನೇ ಆಂಧ್ರದ ಹಳ್ಳಿಗಳಲ್ಲೂ ಮಾಡಿದ್ದಾರೆ. 2008ರಲ್ಲಿ ಅವಿಭಜಿತ ಆಂಧ್ರದ ಐದು ಜಿಲ್ಲೆಗಳ 180 ಹಳ್ಳಿಗಳಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಖಾಸಗಿ ಶಾಲೆಯ ಫೀಸು ಕೊಡುವ ಯೋಜನೆ ಶುರುವಾಯಿತು. ಯಾವ ಹಳ್ಳಿ, ಹಳ್ಳಿಯಲ್ಲಿ ಯಾವ ಮಗು ಎಂಬುದು ಚೀಟಿ ಎತ್ತಿ ತೀರ್ಮಾನ. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಾಲ್ಕು ವರ್ಷ ಇದರ ಬೆನ್ನುಹತ್ತಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ತೆಲುಗು, ಗಣಿತ ಎರಡರಲ್ಲೂ ಖಾಸಗಿ ಶಾಲೆಗೆ ಹೋದವರಿಗೂ ಹೋಗದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಹಿಂದಿಯಲ್ಲಿ ಮಾತ್ರ ಖಾಸಗಿಯವರು ಮುಂದೆ. ಕಾರಣ, ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಹಿಂದಿ ಕಲಿಸುತ್ತಲೇ ಇರಲಿಲ್ಲ.

ಸರ್ಕಾರಿ ಶಾಲೆಯ ಪರ ವಾದಿಸುವವರು ಇಷ್ಟು ಕೇಳಿ ಬೀಗುವಂತಿಲ್ಲ. ಅದೇ ಅಧ್ಯಯನದ ಇನ್ನೊಂದು ಮಾತು: ಖಾಸಗಿ ಶಾಲೆ ಅದೇ ಕಲಿಕೆಯನ್ನು ಮಗುವೊಂದಕ್ಕೆ ಸರ್ಕಾರ ಮಾಡುವ ಖರ್ಚಿನ ಮೂರನೇ ಒಂದಕ್ಕಿಂತ ಕಡಿಮೆಯಲ್ಲಿ, ತೆಲುಗು ಗಣಿತಕ್ಕೆ ಕಡಿಮೆ ಹೊತ್ತು ಕೊಟ್ಟು ಸಾಧಿಸಿತ್ತು. ಎರಡೂ ಕಡೆಯವರಿಗೆ ಏಟು ಬಿದ್ದ ಅಧ್ಯಯನ ಅದು. ಬಹುಶಃ ಅದಕ್ಕೇ ಯಾರೂ ಭಾಷಣದಲ್ಲಿ ಎತ್ತುವುದಿಲ್ಲ.

ಸಾಮಾನ್ಯ ತಂದೆತಾಯಿಗೆ ಲಾಟರಿ ಎತ್ತಿ ನಾಲ್ಕು ವರ್ಷ ಕಾಯುವ ವ್ಯವಧಾನ ಎಲ್ಲಿದೆ? ಅವರಿಗೆ ಸಿಗುವುದು ಹೆಚ್ಚೆಂದರೆ ಶಾಲೆಯಲ್ಲಿ ಅರ್ಧ ಗಂಟೆ. ಆ ಅರ್ಧ ಗಂಟೆಯನ್ನು ಆಫೀಸಿನಲ್ಲಿ ಕಪ್ ನೋಡುತ್ತಾ ಕಳೆಯದೆ ಮೂರನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕಳೆದರೆ ಬಹಳಷ್ಟು ತಿಳಿಯುತ್ತದೆ. ‘ಪ್ರಥಮ್’ ಸಂಸ್ಥೆ 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯ ಪರೀಕ್ಷೆ ಒಂದೇ ಹಾಳೆಯದು. ಅಕ್ಷರ, ಪದ, ಒಂದನೇ ಕ್ಲಾಸಿನ ಮಟ್ಟದ ನಾಲ್ಕು ಸಾಲು, ಎರಡನೇ ಕ್ಲಾಸಿನ ಮಟ್ಟದ ಚಿಕ್ಕ ಕಥೆ. ಗಣಿತದಲ್ಲಿ ಸಂಖ್ಯೆ ಗುರುತಿಸುವುದು, ದಶಕ ತೆಗೆದುಕೊಂಡು ಕಳೆಯುವುದು, ಭಾಗಾಕಾರ. ಅಷ್ಟೇ. ಇದನ್ನು ಯಾರು ಬೇಕಾದರೂ ಮಾಡಬಹುದು.

ಮಾಡಿದವರಿಗೆ ಕಾಣುವುದು ಇದು. ಪಾಠ ಓದು ಅಂದರೆ ಹುಡುಗ ಗಿಳಿಯ ಹಾಗೆ ಒಪ್ಪಿಸುತ್ತಾನೆ, ಕಣ್ಣು ಪುಸ್ತಕದ ಮೇಲೆ ಇರುವುದಿಲ್ಲ. ಪುಟದ ಮಧ್ಯದ ಒಂದು ಪದಕ್ಕೆ ಬೆರಳಿಟ್ಟು ಇದೇನು ಎಂದರೆ ಮೊದಲ ಸಾಲಿನಿಂದ ಬಾಯಿಪಾಠ ಹೇಳಿಕೊಂಡು ಅಲ್ಲಿಗೆ ಬರುತ್ತಾನೆ. ಹೊಸ ಪುಟ ಕೊಟ್ಟರೆ ಒತ್ತಕ್ಷರ ಬಂದ ಕಡೆ ಬೆರಳು ನಿಲ್ಲುತ್ತದೆ. 52ರಲ್ಲಿ 28 ಕಳೆ ಅಂದರೆ ಒಬ್ಬಳು 36 ಎಂದು ಬರೆಯುತ್ತಾಳೆ. ಎರಡರಲ್ಲಿ ಎಂಟು ಹೋಗುವುದಿಲ್ಲವಲ್ಲ, ಅದಕ್ಕೆ ಎಂಟರಲ್ಲಿ ಎರಡು ಕಳೆದಿದ್ದಾಳೆ. ಲೆಕ್ಕ ಬರುವುದಿಲ್ಲ ಎಂದಲ್ಲ, ದಶಕ ಯಾಕೆ ತರಬೇಕು ಎಂದು ಯಾರೂ ತಿಳಿಸಿಲ್ಲ. ಆ ನೋಟುಪುಸ್ತಕದಲ್ಲಿ ಮೇಷ್ಟ್ರು ಬರೀ ತಪ್ಪಿನ ಗುರುತು ಎಳೆದು ಸಹಿ ಹಾಕಿದ್ದಾರೋ, ಪಕ್ಕದಲ್ಲಿ ಇನ್ನೊಂದು ಲೆಕ್ಕ ಹಾಕಿ ತೋರಿಸಿದ್ದಾರೋ ನೋಡಬೇಕು. ಶಾಲೆಯ ಗುಣಮಟ್ಟಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ.

ದೇಶದ ಚಿತ್ರ ಹೇಗಿದೆ? ಅಸರ್ 2024ರ ಪ್ರಕಾರ ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳ ಮೂರನೇ ಕ್ಲಾಸಿನಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲವರು ಶೇ. 23.4. ಅದಕ್ಕೂ ಎರಡು ವರ್ಷದ ಹಿಂದೆ 16.3 ಇತ್ತು. ಹಾಗಾಗಿ ಇದನ್ನು ಏರಿಕೆ ಎಂದೇ ಕರೆಯಬೇಕು.

ಹಿಂದೂಪುರ, ಮಡಕಶಿರಾ ಸೀಮೆಯಲ್ಲಿ ಈ ಪರೀಕ್ಷೆಗೆ ಇನ್ನೊಂದು ತೊಡಕಿದೆ. ಯಾವ ಭಾಷೆಯಲ್ಲಿ ಓದಿಸಿ ನೋಡುವುದು? ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪಕ್ಕದ ಮನೆಯಲ್ಲಿ ಉರ್ದು, ಪುಸ್ತಕದಲ್ಲಿ ಇಂಗ್ಲಿಷು. ಅಗಳಿ, ರೊಳ್ಳ, ಅಮರಾಪುರದ ಕಡೆ ಕನ್ನಡ ಮಾಧ್ಯಮ ಶಾಲೆಗಳಿವೆ. ಆಂಧ್ರದ ಟೆನ್ತ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. 2019ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸಲು ಹೊರಟಾಗ 2020ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಆದರೂ ಪೋಷಕರ ಮನಸ್ಸು ಇಂಗ್ಲಿಷಿನ ಕಡೆಗೇ ಇದೆ. ಅವರನ್ನು ದೂರಿ ಪ್ರಯೋಜನವಿಲ್ಲ. ಬೆಂಗಳೂರಿಗೆ ಹೋಗಿ ಬಂದವರು ಅಲ್ಲಿ ಯಾವ ಭಾಷೆಗೆ ಸಂಬಳ ಎಂದು ನೋಡಿಯೇ ಬಂದಿರುತ್ತಾರೆ. ಆದರೆ ಇಂಗ್ಲಿಷ್ ಪುಸ್ತಕ ಸರಾಗವಾಗಿ ಓದುವ ಮಗುವಿಗೆ ‘ಏನು ಓದಿದೆ, ಮನೆ ಮಾತಿನಲ್ಲಿ ಹೇಳು ಪುಟ್ಟಾ’ ಎಂದು ಒಮ್ಮೆ ಕೇಳಿ. ಕನ್ನಡದಲ್ಲಿ ಹೇಳಿದರೂ ಸರಿ, ತೆಲುಗಿನಲ್ಲಿ ಹೇಳಿದರೂ ಸರಿ. ಸುಮ್ಮನೆ ನಿಂತರೆ ಅದು ಓದಿದ್ದಲ್ಲ, ಸದ್ದು ಮಾಡಿದ್ದು.

ಕಲ್ಯಾಣದುರ್ಗದ ಕಡೆಗೆ ಬಂದರೆ ಪ್ರಶ್ನೆಯೇ ಬದಲಾಗುತ್ತದೆ. ಮಳೆ ಕೈಕೊಟ್ಟು ಕಡಲೆಕಾಯಿ ಒಣಗಿದ ವರ್ಷ ಮನೆಮಂದಿಯೆಲ್ಲ ಬೆಂಗಳೂರಿಗೆ ಗುಳೆ ಹೋಗುವ ಸೀಮೆ ಅದು. ಹೋದಾಗ ಮಗುವೂ ಹೋಗುತ್ತದೆ, ಇಲ್ಲವೇ ಅಜ್ಜಿಯ ಜೊತೆ ಉಳಿಯುತ್ತದೆ. ಇಂಥ ಕಡೆ ಒಳ್ಳೆಯ ಶಾಲೆ ಅಂದರೆ ನವೆಂಬರಿನಲ್ಲಿ ಹೋದ ಹುಡುಗನನ್ನು ಮಾರ್ಚಿನಲ್ಲಿ ವಾಪಸು ಕೂರಿಸಿಕೊಂಡ ಶಾಲೆ. ವಿಸೆಂಟ್ ಫೆರರ್ 1969ರಲ್ಲಿ ಅನಂತಪುರಕ್ಕೆ ಬಂದು ಕಟ್ಟಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್, ಜನರ ಬಾಯಲ್ಲಿ ಆರ್‌ಡಿಟಿ, ಇದನ್ನು ಬೇಗ ಅರ್ಥ ಮಾಡಿಕೊಂಡಿತು. ದಲಿತ ಕೇರಿಗಳಲ್ಲಿ ಸರ್ಕಾರಿ ಶಾಲೆಗೆ ಪೈಪೋಟಿ ಕೊಡಲು ಹೋಗದೆ ಬೆಳಿಗ್ಗೆ ಸಂಜೆ ಪೂರಕ ಪಾಠ ನಡೆಸಿತು. ಓದಿಲ್ಲದ ಮನೆಯಲ್ಲಿ ಹೋಂವರ್ಕ್ ನೋಡುವ ಅಕ್ಕ ಇಲ್ಲದ ಕೊರತೆಯನ್ನು ತುಂಬುವ ಕೆಲಸ ಅದು. ಇಂಥ ಕೆಲಸಕ್ಕೆ ರಿಸಲ್ಟಿನ ಶೀಟಿನಲ್ಲಿ ಕಾಲಂ ಇಲ್ಲ.

ಬಿಟ್ಟುಹೋದವರ ಲೆಕ್ಕಕ್ಕೇ ಮತ್ತೆ ಬರೋಣ. ಒಂದು ಶಾಲೆಗೆ ಆರನೇ ಕ್ಲಾಸಿಗೆ 40 ಮಕ್ಕಳು ಸೇರಿದರು ಅನ್ನಿ. ಎಂಟರ ಹೊತ್ತಿಗೆ ಮೂವರು ಕೂಲಿಗೆ ಹೋದರು, ಇಬ್ಬರು ಹುಡುಗಿಯರಿಗೆ ಮದುವೆಯಾಯಿತು. ಒಂಬತ್ತರ ಕೊನೆಗೆ ಏಳು ಜನರ ಮನೆಯವರನ್ನು ಕರೆಸಿ ‘ನಿಮ್ಮ ಹುಡುಗನಿಗೆ ಕಷ್ಟ ಆಗುತ್ತೆ ಸಾರ್, ಟಿಸಿ ತಗೊಂಡು ಬೇರೆ ಕಡೆ ನೋಡಿ’ ಎಂದು ಮೆತ್ತಗೆ ಹೇಳಿ ಕಳಿಸಿದರು. ಉಳಿದ 28 ಮಂದಿ ಪರೀಕ್ಷೆ ಬರೆದು ಅಷ್ಟೂ ಮಂದಿ ಪಾಸು. ಶೇ. 100, ಫ್ಲೆಕ್ಸಿಗೆ ಆರ್ಡರ್ ಹೋಗುತ್ತದೆ. ಪಕ್ಕದ ಸರ್ಕಾರಿ ಶಾಲೆ ತನ್ನ 40 ಮಕ್ಕಳನ್ನು, ಜೊತೆಗೆ ಆ ಏಳು ಟಿಸಿಗಳನ್ನೂ ಸೇರಿಸಿಕೊಂಡು ಪರೀಕ್ಷೆಗೆ ಕೂರಿಸಿ 36 ಮಂದಿಯನ್ನು ಪಾಸು ಮಾಡಿಸಿದರೆ ಅದರ ಫಲಿತಾಂಶ ಶೇ. 77. ಯಾವುದು ಒಳ್ಳೆಯ ಶಾಲೆ ಎಂದು ಯಾರಾದರೂ ಹೇಳಬಹುದು. ಈ ಎರಡು ಅಂಕಿಗಳಿಂದ ಮಾತ್ರ ಯಾರೂ ಹೇಳಲಾರರು.

ಕಟ್ಟಡ ನೋಡಿ ಶಾಲೆ ಆರಿಸುವ ಮತ್ತೊಂದು ಬಳಗವಿದೆ. ಆಂಧ್ರ ಸರ್ಕಾರದ ‘ನಾಡು–ನೇಡು’ (ಅಂದು–ಇಂದು) ಯೋಜನೆ 2019ರ ನವೆಂಬರ್ 14ರಂದು ಶುರುವಾಗಿ, ಮೊದಲ ಹಂತದಲ್ಲೇ 15,715 ಶಾಲೆಗಳಿಗೆ ನೀರು, ಶೌಚಾಲಯ, ಬೆಂಚು, ಬಣ್ಣ, ಕಾಂಪೌಂಡು ಬಂತು. ಇದನ್ನು ಬರೀ ಬಣ್ಣ ಬಳಿದದ್ದು ಎಂದು ಹೀಗಳೆಯುವವರು ಬಾಗಿಲಿಲ್ಲದ ಶೌಚಾಲಯದ ಶಾಲೆಗೆ ದೊಡ್ಡವಳಾದ ಮಗಳನ್ನು ಕಳಿಸಿದವರಲ್ಲ. ಆದರೆ ಬೆಂಚಿಗೆ ಬಣ್ಣ ಬಂದ ಮಾತ್ರಕ್ಕೆ ಒತ್ತಕ್ಷರ ಬರುವುದಿಲ್ಲ. ಕಟ್ಟಡದಲ್ಲಿ ನೋಡಬೇಕಾದ್ದು ಒಂದೇ: ಮಧ್ಯಾಹ್ನ ಊಟದ ಹೊತ್ತಿಗೆ ಹುಡುಗಿಯರ ಶೌಚಾಲಯದಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆಯೇ, ಬೀಗದ ಕೈ ಯಾರ ಹತ್ತಿರ ಇದೆ.

ಮೇಷ್ಟ್ರು ಬರುತ್ತಾರೋ ಇಲ್ಲವೋ ಎಂಬುದು ಹಳೆಯ ದೂರು. 2003ರಲ್ಲಿ ದೇಶದ ಸಾವಿರಾರು ಸರ್ಕಾರಿ ಶಾಲೆಗಳಿಗೆ ಹೇಳದೆ ಕೇಳದೆ ಹೋಗಿ ನೋಡಿದ ಸಮೀಕ್ಷೆಯಲ್ಲಿ ನಾಲ್ವರಲ್ಲಿ ಒಬ್ಬರು ಶಾಲೆಯಲ್ಲಿ ಇರಲಿಲ್ಲ. ಈಗ ಆಂಧ್ರದಲ್ಲಿ ಮುಖ ತೋರಿಸಿ ಮೊಬೈಲ್ ಆ್ಯಪಿನಲ್ಲಿ ಹಾಜರಿ ಹಾಕಬೇಕು. ಮುಖ ಬಂದದ್ದು ಆ್ಯಪಿಗೆ ಗೊತ್ತಾಗುತ್ತದೆ, ಪಾಠ ಆದದ್ದು ಗೊತ್ತಾಗುವುದಿಲ್ಲ. ಅದು ಗೊತ್ತಿರುವುದು ಮಕ್ಕಳಿಗೆ. ಅವರನ್ನು ಮಾತ್ರ ಯಾರೂ ಕೇಳುವುದಿಲ್ಲ.

ತಂದೆತಾಯಿ ಕೈಯಲ್ಲೂ ಸಾಧನಗಳಿಲ್ಲದಿಲ್ಲ. ಪ್ರತಿ ಶಾಲೆಗೂ, ಸರ್ಕಾರಿ ಖಾಸಗಿ ಎನ್ನದೆ, ಹನ್ನೊಂದು ಅಂಕಿಯ ಯುಡೈಸ್ ಸಂಖ್ಯೆಯಿದೆ. ಆಂಧ್ರದ್ದಾದರೆ 28ರಿಂದ ಶುರು. ಅದನ್ನು ಮೊಬೈಲಿನಲ್ಲಿ ಹಾಕಿದರೆ ಯಾವ ಕ್ಲಾಸಿನಲ್ಲಿ ಎಷ್ಟು ಮಕ್ಕಳು, ಎಷ್ಟು ಮೇಷ್ಟ್ರುಗಳು, ಎಷ್ಟು ಕೊಠಡಿ ಎಂದು ಕಾಣುತ್ತದೆ. ಆರನೇ ಕ್ಲಾಸಿನ ಸಂಖ್ಯೆಯನ್ನೂ ನಾಲ್ಕು ವರ್ಷ ಬಿಟ್ಟು ಹತ್ತರ ಸಂಖ್ಯೆಯನ್ನೂ ಎದುರುಬದುರು ಇಟ್ಟರೆ ಮಕ್ಕಳು ಸೋರಿಹೋದ ಶಾಲೆ ತಾನಾಗಿ ಸಿಕ್ಕಿಬೀಳುತ್ತದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧ ಪಾಲು ಹೆಂಗಸರು. ಅನುದಾನವಿಲ್ಲದ ಖಾಸಗಿ ಶಾಲೆಗೆ ಈ ಕಟ್ಟಳೆ ಇಲ್ಲ. ಫೀಸು ಕಟ್ಟುವವರಿಗೆ ಪ್ರಶ್ನೆ ಕೇಳುವ ಸಮಿತಿಯಿಲ್ಲ, ಕಟ್ಟದವರಿಗೆ ಇದೆ.

ಆ ಸಮಿತಿಗಳು ಬಹಳ ಕಡೆ ಸಹಿಗೆ ಮಾತ್ರ ಇವೆ. 2024ರ ಡಿಸೆಂಬರ್ 7ರಂದು ಆಂಧ್ರ ಸರ್ಕಾರ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಲ್ಲಿ ಒಂದೇ ದಿನ ಪೋಷಕರ ಮಹಾಸಭೆ ನಡೆಸಿತು. 2025ರ ಜುಲೈ 10ರಂದು ಎರಡನೆಯ ಸಲ ನಡೆದಾಗ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಬಂದು ಕೂತದ್ದು ಶ್ರೀ ಸತ್ಯಸಾಯಿ ಜಿಲ್ಲೆಯ ಕೊತ್ತಚೆರುವಿನ ಹೈಸ್ಕೂಲಿನಲ್ಲಿ. ರಂಗೋಲಿ, ಊಟ, ಫೋಟೊ ಎಲ್ಲ ಇರುವ ಹಬ್ಬದಂಥ ಸಭೆ. ಇರಲಿ, ಹಬ್ಬಕ್ಕಾದರೂ ತಾಯಂದಿರು ಶಾಲೆಯೊಳಗೆ ಬಂದರಲ್ಲ.

ಮುಂದಿನ ಸಭೆಗೆ ಹೋಗುವ ಹಿಂದೂಪುರ, ಕಲ್ಯಾಣದುರ್ಗದ ಅಮ್ಮಂದಿರಿಗೆ, ಅಪ್ಪಂದಿರಿಗೆ ಒಂದು ಮನವಿ. ‘ನಮ್ಮ ಹುಡುಗ ಹೇಗೆ ಓದುತ್ತಾನೆ ಸಾರ್’ ಎಂದು ಕೇಳಿ ಎದ್ದು ಬರಬೇಡಿ. ನಾಲ್ಕು ವರ್ಷದ ಹಿಂದೆ ಆರನೇ ಕ್ಲಾಸಿನ ಹಾಜರಿ ಪುಸ್ತಕದಲ್ಲಿ ಇದ್ದು ಈ ವರ್ಷ ಹತ್ತರಲ್ಲಿ ಇಲ್ಲದ ಮಕ್ಕಳ ಹೆಸರು ಓದಲು ಹೇಳಿ. ಅವರು ಎಲ್ಲಿ ಹೋದರು ಎಂದು ಹೆಡ್‌ಮೇಷ್ಟ್ರಿಗೆ ಗೊತ್ತಿದ್ದರೆ, ಒಬ್ಬೊಬ್ಬರ ಮನೆಗೂ ಹೋಗಿ ಬಂದಿದ್ದರೆ, ಫಲಿತಾಂಶ ಶೇ. 77 ಇದ್ದರೂ ಮಗುವನ್ನು ಧೈರ್ಯವಾಗಿ ಅಲ್ಲೇ ಬಿಡಿ.